ಬಿಳಿಚಿಕೊಂಡ ಕೆಂಪು ಮಾರುತಿಗೆ ಯಾವ ಪಾಲಿಷ್ ಸರಿ?

ಕೆಂಪು ಎಂಟುನೂರು, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 1997ರಲ್ಲಿ ಕೊಂಡ ಕೆಂಪು ಮಾರುತಿ 800 ಈಗ ನನ್ನ ಪಾಲಿಗೆ ಬಂದಿದೆ. ಎಂಜಿನ್ ಚೆನ್ನಾಗಿಯೇ ಇದೆ. ಆದರೆ ಆರು ವರ್ಷ ಮನೆಯ ಮುಂದೆ ನೆರಳಿಲ್ಲದೆ ನಿಂತಿದ್ದರಿಂದ ಬಾನೆಟ್ಟೂ ಟಾಪೂ ಕೆಂಪು ಕಳೆದುಕೊಂಡು ನಸುಗುಲಾಬಿಗೆ ತಿರುಗಿವೆ. ಬೆರಳಿನಿಂದ ಉಜ್ಜಿದರೆ ಸೀಮೆಸುಣ್ಣದಂತಹ ಪುಡಿ ಅಂಟಿಕೊಳ್ಳುತ್ತದೆ. ಬಾಗಿಲುಗಳ ಬಣ್ಣ ಪರವಾಗಿಲ್ಲ. ಬಾಗಿಲು ತೆರೆದಾಗ ಒಳಗೆ ಕಾಣುವ ಚೌಕಟ್ಟಂತೂ ನಿನ್ನೆ ಬಣ್ಣ ಹಚ್ಚಿದಂತಿದೆ. ಎಡಗಡೆಯ ಮುಂದಿನ ಫೆಂಡರ್‌ಗೆ ಹಿಂದೊಮ್ಮೆ ಬೈಕು ಗುದ್ದಿದ್ದರಿಂದ ಅದಕ್ಕೆ ಮಾತ್ರ ಹೊರಗೆ ಪೇಂಟ್ ಮಾಡಿಸಿದ್ದೆವು.

ಅಂಗಡಿಗೆ ಹೋದರೆ ರಬ್ಬಿಂಗ್ ಕಂಪೌಂಡ್, ಲಿಕ್ವಿಡ್ ಪಾಲಿಷ್, ಡಬ್ಬಿಯ ವ್ಯಾಕ್ಸ್, ಮೂರೂ ಕೆಲಸ ಒಂದರಲ್ಲೇ ಆಗುತ್ತದೆ ಎಂದು ಬರೆದುಕೊಂಡ ಸೀಸೆ, ಹೀಗೆ ಕಪಾಟು ತುಂಬ ಜೋಡಿಸಿಟ್ಟಿದ್ದಾರೆ. ಯಾವುದು ಏನು ಎಂದು ಕೇಳಿದರೆ ಎಲ್ಲವೂ ಪಾಲಿಷ್ಷೇ ಸರ್ ಎಂಬ ಉತ್ತರ ಬಂತು. ಒಬ್ಬ ಗ್ಯಾರೇಜಿನವರು ಮಷಿನ್ ಹಿಡಿದು ರಬ್ಬಿಂಗ್ ಮಾಡಿಕೊಡುತ್ತೇವೆ ಎನ್ನುತ್ತಾರೆ, ಇನ್ನೊಬ್ಬರು ಪೂರ್ತಿ ಹೊಸ ಪೇಂಟ್ ಮಾಡಿಸದೆ ಬೇರೆ ದಾರಿಯಿಲ್ಲ ಎನ್ನುತ್ತಾರೆ. ಆಯುಧಪೂಜೆಗೆ ಮೂರು ವಾರ ಉಳಿದಿದೆ. ತಂದೆಯವರ ಕಾಲದ ಬಣ್ಣವನ್ನೇ ಉಳಿಸಿಕೊಳ್ಳಬೇಕೆಂಬುದು ನನ್ನ ಆಸೆ. ಯಾವ ಪಾಲಿಷ್ ತರಲಿ?

ನೇರ ಮಾತು, ದಾವಣಗೆರೆ

ಹೊಸ ಪೇಂಟ್ ಮಾಡಿಸಿಬಿಡಿ. ಇಪ್ಪತ್ತೈದು ವರ್ಷ ದಾಟಿದ ಬಣ್ಣಕ್ಕೆ ಪಾಲಿಷ್ ಹಚ್ಚುವುದೆಂದರೆ ಹಳೆಯ ಗೋಡೆಗೆ ನೀರು ಚಿಮುಕಿಸಿ ಹೊಸದಾಯಿತು ಎಂದಂತೆ.

ಮೈಕ್ರಾನ್ ಮಾಪಕ, ಬೆಂಗಳೂರು

ಮೇಲಿನ ಸಲಹೆಗೆ ದಯವಿಟ್ಟು ಆತುರಪಡಬೇಡಿ. ಪಾಲಿಷ್ ಯಾವುದು ಎಂದು ಕೇಳುವ ಮೊದಲು ಕಾರಿನ ಮೇಲಿರುವುದು ಯಾವ ಬಗೆಯ ಬಣ್ಣ ಎಂದು ತಿಳಿದುಕೊಳ್ಳಬೇಕು, ಏಕೆಂದರೆ ಉತ್ತರದ ಮುಕ್ಕಾಲು ಭಾಗ ಅಲ್ಲಿಯೇ ಇದೆ. ಈಗಿನ ಹೆಚ್ಚಿನ ಕಾರುಗಳಲ್ಲಿ ಕೆಳಗೆ ಬಣ್ಣದ ಪದರವಿದ್ದು ಅದರ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ನಾವು ಉಜ್ಜುವುದು ಆ ಮೇಲಿನ ಪದರವನ್ನು ಮಾತ್ರ. ಹಳೆಯ ಸಾದಾ ಬಣ್ಣದ ಕಾರುಗಳಲ್ಲಿ ಬಹಳಷ್ಟು ಸಿಂಗಲ್ ಸ್ಟೇಜ್, ಅಂದರೆ ಬಣ್ಣವೂ ಹೊಳಪೂ ಒಂದೇ ಪದರದಲ್ಲಿ ಸೇರಿರುವಂಥವು.

ಪರೀಕ್ಷೆ ಬಹಳ ಸುಲಭ. ಬಾನೆಟ್ಟಿನ ಒಂದು ಮೂಲೆಯನ್ನು ತೊಳೆದು ಒಣಗಿಸಿ, ಬಿಳಿಯ ಬಟ್ಟೆಗೆ ಎರಡು ಹನಿ ಮೆದುವಾದ ಪಾಲಿಷ್ ಹಾಕಿ ಹತ್ತು ಬಾರಿ ತಿಕ್ಕಿರಿ. ಬಟ್ಟೆ ಕೆಂಪಾದರೆ ಸಿಂಗಲ್ ಸ್ಟೇಜ್. ಬಟ್ಟೆಯ ಮೇಲೆ ಬರೀ ಕೊಳೆ ಕಾಣಿಸಿದರೆ ಮೇಲೆ ಕ್ಲಿಯರ್ ಕೋಟ್ ಇದೆ ಎಂದರ್ಥ. ನೀವು ಹೇಳುತ್ತಿರುವ ಸೀಮೆಸುಣ್ಣದ ಪುಡಿಯನ್ನು ನೋಡಿದರೆ ನನಗೆ ಮೊದಲನೆಯದೇ ಅನಿಸುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳು ಬಣ್ಣವನ್ನು ಹಿಡಿದಿಟ್ಟಿರುವ ರಾಳವನ್ನು ಕೊಲ್ಲುತ್ತವೆ, ಮೇಲ್ಮೈ ಒರಟಾಗಿ ಬೆಳಕನ್ನು ಎಲ್ಲೆಂದರಲ್ಲಿ ಚೆದುರಿಸುತ್ತದೆ, ಆಗ ಕೆಂಪು ಗುಲಾಬಿಯಂತೆ ಕಾಣುತ್ತದೆ. ಸತ್ತಿರುವುದು ಮೇಲಿನ ತೆಳುಪದರ ಮಾತ್ರ. ಕೆಳಗೆ ಕೆಂಪು ಇನ್ನೂ ಇದೆ.

ಟಿನ್ನರ್ ವಾಸನೆ, ಬೆಂಗಳೂರು

ನಾನು ಇಪ್ಪತ್ತೆರಡು ವರ್ಷದಿಂದ ಡೆಂಟಿಂಗ್ ಪೇಂಟಿಂಗ್ ಕೆಲಸ ಮಾಡುತ್ತಿದ್ದೇನೆ. ಮೇಲಿನವರು ಹೇಳಿದ ಬಟ್ಟೆಯ ಪರೀಕ್ಷೆ ಸರಿಯಾಗಿದೆ, ಆದರೆ ಫೆಂಡರ್‌ಗೆ ಇನ್ನೊಂದು ಪರೀಕ್ಷೆ ಬೇಕು. ಹೊರಗಡೆ ಹೊಡೆಸಿದ ಬಣ್ಣ ಹಳೆಯ ಎನ್‌ಸಿ (ನೈಟ್ರೋಸೆಲ್ಯುಲೋಸ್) ಆಗಿರಬಹುದು, ಗಟ್ಟಿಯಾಗಲೆಂದು ಹಾರ್ಡನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣವೂ ಆಗಿರಬಹುದು. ಫೆಂಡರ್‌ನ ಒಳ ಅಂಚಿನಲ್ಲಿ, ಯಾರಿಗೂ ಕಾಣದ ಜಾಗದಲ್ಲಿ, ಟಿನ್ನರ್ ಅದ್ದಿದ ಬಟ್ಟೆಯಿಂದ ಒಮ್ಮೆ ಒರೆಸಿ ನೋಡಿರಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಎನ್‌ಸಿ. ಹಾರ್ಡನರ್ ಬಿದ್ದ ಬಣ್ಣ ಅಷ್ಟು ಸುಲಭಕ್ಕೆ ಅಲುಗುವುದಿಲ್ಲ. ಎನ್‌ಸಿ ಮೃದು, ಬೇಗ ಸವೆಯುತ್ತದೆ. ಅದರ ಮೇಲೆ ಕಂಪೌಂಡ್, ಅಂದರೆ ಹೆಚ್ಚು ಅರೆಯುವ ಒರಟು ಪಾಲಿಷ್, ಹಿಡಿದು ಮಷಿನ್ ಓಡಿಸಿದರೆ ಕಣ್ಣು ಮಿಟುಕಿಸುವುದರೊಳಗೆ ಬಣ್ಣದಡಿಯ ಪ್ರೈಮರ್ ಕಾಣಿಸುತ್ತದೆ.

ಇನ್ನು, ಗ್ಯಾರೇಜಿನವರು ಮಷಿನ್ ಎಂದರೆ ಯಾವ ಮಷಿನ್ ಎಂದು ಕೇಳಿಕೊಳ್ಳಿ. ಒಂದೇ ದಿಕ್ಕಿಗೆ ತಿರುಗುವ ರೋಟರಿ ನಮ್ಮಂಥವರ ಕೈಗೆ ಒಳ್ಳೆಯದು, ಆದರೆ ಕಲಿಯುವ ಹುಡುಗನ ಕೈಗೆ ಕೊಟ್ಟರೆ ಒಂದು ಕಡೆ ನಿಲ್ಲಿಸಿಬಿಡುತ್ತಾನೆ, ಅಲ್ಲಿ ಬಣ್ಣ ಸುಡುತ್ತದೆ. ಮೂಲೆ, ಅಂಚು, ಬಾನೆಟ್ಟಿನ ಏಣು, ಇವುಗಳ ಮೇಲೆ ಬಣ್ಣ ಯಾವಾಗಲೂ ತೆಳುವಾಗಿಯೇ ಕುಳಿತಿರುತ್ತದೆ. ಮೊದಲು ಹೋಗುವುದು ಅಲ್ಲಿಯೇ.

ಬಿಳಿ ಕಾರಿನೊಡತಿ, ಹುಬ್ಬಳ್ಳಿ

ಆಯುಧಪೂಜೆ ಎಂದದ್ದಕ್ಕೆ ಒಂದು ಮಾತು ಹೇಳಿಬಿಡುತ್ತೇನೆ. ಹೋದ ಸಲ ನಮ್ಮತ್ತೆಯವರು ಬಾನೆಟ್ಟಿನ ಮೇಲೆ ಅರಿಸಿನ ಕುಂಕುಮವನ್ನು ನೀರಿನಲ್ಲಿ ಕಲಸಿ ದೊಡ್ಡದಾಗಿ ಸ್ವಸ್ತಿಕ ಬರೆದರು. ಹಬ್ಬದ ಗಡಿಬಿಡಿಯಲ್ಲಿ ಮೂರು ದಿನ ಹಾಗೆಯೇ ಬಿಟ್ಟೆ. ಒರೆಸಿದ ಮೇಲೆಯೂ ಬಿಳಿಯ ಬಣ್ಣದಲ್ಲಿ ನಸುಗೆಂಪಿನ ಸ್ವಸ್ತಿಕ ಉಳಿಯಿತು. ಶಾಂಪೂ, ಜೇಡಿಮಣ್ಣಿನ ಹಾಗಿರುವ ಕ್ಲೇ ಬಾರ್, ಎಲ್ಲವೂ ಆಯಿತು, ಅದು ಜಗ್ಗಲಿಲ್ಲ. ಕೊನೆಗೆ ಮೆದುವಾದ ಫಿನಿಷಿಂಗ್ ಪಾಲಿಷ್ ಹಾಕಿ ಕೈಯಲ್ಲಿ ತಿಕ್ಕಿದಾಗ ಹೋಯಿತು. ಅದಕ್ಕೇ ಹೇಳುತ್ತೇನೆ, ಪಾಲಿಷ್ ಮಾಡಿದ ಮೇಲೆ ವ್ಯಾಕ್ಸ್ ಹಚ್ಚದೆ ಪೂಜೆಗೆ ನಿಲ್ಲಿಸಬೇಡಿರಿ.

ಹಲ್ಲುಪುಡಿ ತಜ್ಞ, ತುಮಕೂರು

ಇಷ್ಟೆಲ್ಲ ಖರ್ಚು ಏಕೆ? ಮನೆಯಲ್ಲಿರುವ ಬಿಳಿಯ ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಗೀರು ಹೋಗುತ್ತದೆ. ನಾನು ಮಾಡಿ ನೋಡಿದ್ದೇನೆ.

ಮೈಕ್ರಾನ್ ಮಾಪಕ, ಬೆಂಗಳೂರು

ಸ್ವಲ್ಪ ಮಟ್ಟಿಗೆ ಹೋಗುವುದು ನಿಜ, ಏಕೆಂದರೆ ಟೂತ್‌ಪೇಸ್ಟಿನಲ್ಲಿಯೂ ಅರೆಯುವ ಪುಡಿ ಇರುತ್ತದೆ. ಆದರೆ ಆ ಪುಡಿ ಹಲ್ಲಿಗೆಂದು ಮಾಡಿದ್ದೇ ಹೊರತು ಬಣ್ಣಕ್ಕೆಂದಲ್ಲ. ಒಳ್ಳೆಯ ಪಾಲಿಷ್‌ಗಳಲ್ಲಿ ಅಲ್ಯೂಮಿನಿಯಂ ಆಕ್ಸೈಡಿನ ಕಣಗಳನ್ನು ಅಳತೆ ನೋಡಿ ಸೇರಿಸಿರುತ್ತಾರೆ. ಕೆಲವು ಪಾಲಿಷ್‌ಗಳಲ್ಲಿ ಕಣಗಳು ತಿಕ್ಕಿದಂತೆಲ್ಲ ಒಡೆದು ನುಣ್ಣಗಾಗುತ್ತ ಹೋಗುತ್ತವೆ, ಆದ್ದರಿಂದ ಮಧ್ಯದಲ್ಲಿ ನಿಲ್ಲಿಸಿದರೆ ಮೊದಲಿನ ಒರಟು ಗೆರೆಗಳು ಹಾಗೆಯೇ ಉಳಿಯುತ್ತವೆ. ಇನ್ನು ಕೆಲವುಗಳಲ್ಲಿ ಕಣಗಳು ಮೊದಲಿನಿಂದಲೇ ಒಂದೇ ಸಮ ಸಣ್ಣವಿದ್ದು ಕೊನೆಯವರೆಗೂ ಹಾಗೆಯೇ ಕೆಲಸ ಮಾಡುತ್ತವೆ. ಸೀಸೆಯ ಹಿಂದೆ ಬರೆದದ್ದನ್ನು ಓದದೆ ಎಲ್ಲಕ್ಕೂ ಒಂದೇ ರೀತಿ ಕೈಯಾಡಿಸಿದರೆ ಪಾಲಿಷ್ ಕೆಟ್ಟದ್ದು ಎಂಬ ಹೆಸರು ಬರುತ್ತದೆ.

ಹಲ್ಲುಪುಡಿ ತಜ್ಞ, ತುಮಕೂರು

ನನ್ನ ಸ್ಕೂಟರು ಇವತ್ತಿಗೂ ಹೊಳೆಯುತ್ತಿದೆ ಎಂಬುದನ್ನು ಮಾತ್ರ ದಾಖಲಿಸಲು ಬಯಸುತ್ತೇನೆ.

ಬಿಳಿ ಕಾರಿನೊಡತಿ, ಹುಬ್ಬಳ್ಳಿ

ಪುದೀನ ವಾಸನೆಯೂ ಬರುತ್ತಿರಬೇಕು.

ಯೆಜ್ಡಿ ಮನೆಯವನು, ಮೈಸೂರು

ನಮ್ಮ ಊರಿನವರೇ ಕೇಳಿದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಎರಡು ಹಳೆಯ ಬೈಕುಗಳಿವೆ, ಎರಡೂ ಇಲ್ಲಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದವು. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು, ಆದರೆ ಮೈಸೂರಿನಲ್ಲಿ ಆ ಗಾಡಿಗಳ ಮೇಲಿನ ಮೋಹ ಮುಚ್ಚಲಿಲ್ಲ. ಹತ್ತು ವರ್ಷದ ಹಿಂದೆ ನಮ್ಮ ಚಿಕ್ಕಪ್ಪನ ಜಾವಾದ ಟ್ಯಾಂಕನ್ನು ಹೊಳೆಯಿಸಬೇಕೆಂದು ಒಂದು ಭಾನುವಾರ ಕುಳಿತೆ. ಕೆಂಪು ಮಸುಕಾದ ಮರೂನ್ ಬಣ್ಣ, ಅದರ ಮೇಲೆ ಕೈಯಲ್ಲಿ ಎಳೆದ ಚಿನ್ನದ ಬಣ್ಣದ ಗೆರೆ. ಅಂಗಡಿಯಲ್ಲಿ ಕೊಟ್ಟ ರಬ್ಬಿಂಗ್ ಕಂಪೌಂಡನ್ನು ಬನಿಯನ್ ಬಟ್ಟೆಯಲ್ಲಿ ತೆಗೆದುಕೊಂಡು ಮೈಯ ಬಲವನ್ನೆಲ್ಲ ಹಾಕಿ ತಿಕ್ಕಿದೆ. ಮರೂನ್ ಮೇಲೆದ್ದು ಬಂತು, ನನಗೆ ಹಿಗ್ಗೋ ಹಿಗ್ಗು. ಬಟ್ಟೆ ತಿರುಗಿಸಿ ನೋಡಿದಾಗ ಅದರಲ್ಲಿ ಮರೂನಿನ ಮಧ್ಯೆ ಚಿನ್ನದ ಮಿಣುಕು ಕಾಣಿಸಿತು. ಟ್ಯಾಂಕಿನ ಮೇಲೆ ಒಂದು ಗೇಣಿನಷ್ಟು ಗೆರೆಯೇ ಇರಲಿಲ್ಲ. ಗೆರೆ ಬಣ್ಣದ ಮೇಲೆ ಕುಳಿತಿತ್ತು, ಒಳಗಲ್ಲ ಎಂದು ನನಗೆ ಹೊಳೆಯುವ ಹೊತ್ತಿಗೆ ಅದು ನನ್ನ ಬಟ್ಟೆಗೆ ಬಂದಾಗಿತ್ತು. ಚಿಕ್ಕಪ್ಪ ಬೈಯಲಿಲ್ಲ. ಆ ಬಟ್ಟೆಯನ್ನು ಮಡಚಿ ಟೂಲ್ ಬಾಕ್ಸಿನಲ್ಲಿ ಇಟ್ಟುಕೊಂಡರು, ಅದೇ ನನಗೆ ಹೆಚ್ಚು ನೋವಾದದ್ದು.

ಆದ್ದರಿಂದ ನನ್ನ ಸಲಹೆ ಇಷ್ಟೆ. ಅತ್ಯಂತ ಸೌಮ್ಯವಾದದ್ದರಿಂದ ಆರಂಭಿಸಿ, ಅದು ಸಾಲದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲೆ ಹೋಗಿ. ಹಳೆಯ ಸಿಂಗಲ್ ಸ್ಟೇಜ್ ಬಣ್ಣಕ್ಕೆ ಎಣ್ಣೆಯಂಶವಿರುವ ಗ್ಲೇಜ್ ಬಹಳ ಹಿಡಿಸುತ್ತದೆ. ಮೆಗ್ವಾಯರ್ಸ್‌ನವರ 7ನೇ ನಂಬರಿನ ಗ್ಲೇಜ್ ಈ ಕೆಲಸಕ್ಕೆ ಹಳೆಯ ಗಾಡಿಯವರ ವಲಯದಲ್ಲಿ ಹೆಸರು ಮಾಡಿದೆ. ಅದರಲ್ಲಿ ಅರೆಯುವ ಗುಣವಿಲ್ಲ. ದಪ್ಪವಾಗಿ ಹಚ್ಚಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಒರೆಸಿದರೆ, ಒಣಗಿದ ಬಣ್ಣ ಎಣ್ಣೆ ಕಂಡ ತಲೆಗೂದಲಿನಂತೆ ಗಾಢವಾಗುತ್ತದೆ. ಎರಡನೆಯ ಗಾಡಿಗೆ ನಾನು ಹೀಗೆಯೇ ಮಾಡಿದೆ. ಗೆರೆಗಳೆಲ್ಲ ಅಲ್ಲಿಯೇ ಇವೆ.

ಟಿನ್ನರ್ ವಾಸನೆ, ಬೆಂಗಳೂರು

ಗ್ಲೇಜ್ ವಿಷಯದಲ್ಲಿ ನನ್ನದೊಂದು ತಕರಾರಿದೆ ಸರ್. ಎಣ್ಣೆ ಕುಡಿಸಿದರೆ ಬಣ್ಣ ಗಾಢವಾಗಿ ಕಾಣುವುದು ಹೌದು, ಆದರೆ ಸತ್ತ ಪದರ ಅಲ್ಲಿಯೇ ಇರುತ್ತದೆ. ನಾಲ್ಕು ಸಲ ತೊಳೆದರೆ ಮತ್ತೆ ಬಿಳಿಚಿಕೊಳ್ಳುತ್ತದೆ. ಬೆರಳಿಗೆ ಪುಡಿ ಬರುವಷ್ಟು ಸತ್ತಿದ್ದರೆ ಆ ಪದರವನ್ನು ತೆಗೆಯಲೇಬೇಕು.

ಯೆಜ್ಡಿ ಮನೆಯವನು, ಮೈಸೂರು

ತೆಗೆಯಬೇಡಿ ಎಂದು ನಾನು ಹೇಳಲಿಲ್ಲ. ಮೊದಲು ಎಣ್ಣೆ ಕುಡಿಸಿ, ನಂತರ ಮೆದು ಪಾಲಿಷ್‌ನಿಂದ ತೆಗೆಯಿರಿ ಎಂಬುದು ನನ್ನ ವಾದ. ಒಣಗಿ ಬಿರುಸಾದ ಬಣ್ಣದ ಮೇಲೆ ನೇರವಾಗಿ ಕಂಪೌಂಡ್ ಹಾಕಿದರೆ ಬೇಕಾದ್ದಕ್ಕಿಂತ ಹೆಚ್ಚು ಸವೆಯುತ್ತದೆ ಎಂಬುದು ನನ್ನ ಅನುಭವ.

ಟಿನ್ನರ್ ವಾಸನೆ, ಬೆಂಗಳೂರು

ಆ ಕ್ರಮಕ್ಕೆ ನನ್ನ ಒಪ್ಪಿಗೆಯಿದೆ. ಆದರೆ ಗಿರಾಕಿ ಸಂಜೆಗೆ ಗಾಡಿ ಬೇಕು ಎಂದು ಕುಳಿತಿರುವಾಗ ಒಂದು ರಾತ್ರಿ ಎಣ್ಣೆ ಕುಡಿಸಲು ನಮಗೆ ಪುರುಸೊತ್ತೆಲ್ಲಿದೆ?

ಅದಿರಿನೂರಿನವ, ಹೊಸಪೇಟೆ

ಎಲ್ಲರೂ ಪಾಲಿಷ್ ಬಗ್ಗೆಯೇ ಮಾತನಾಡುತ್ತಿದ್ದಾರೆ, ತೊಳೆಯುವುದರ ಬಗ್ಗೆ ಒಬ್ಬರೂ ಹೇಳಲಿಲ್ಲ. ನಮ್ಮ ಕಡೆ ಸಂಡೂರಿನ ರಸ್ತೆಯಲ್ಲಿ ಒಮ್ಮೆ ಓಡಾಡಿ ಬಂದರೆ ಕಾರಿನ ಮೇಲೆ ಅದಿರಿನ ಕೆಂಧೂಳು ಕುಳಿತಿರುತ್ತದೆ. ಅದನ್ನು ಒಣಬಟ್ಟೆಯಿಂದ ಒರೆಸುವುದೂ ಒಂದೇ, ಮರಳುಕಾಗದ ಹಿಡಿದು ಉಜ್ಜುವುದೂ ಒಂದೇ. ಬಿಸಿಲಿನಲ್ಲಿ ನಿಂತು ನೋಡಿದಾಗ ಜೇಡರ ಬಲೆಯಂತೆ ಕಾಣುವ ಗೀರುಗಳು ಬಹುತೇಕ ಹೀಗೆ ಒರೆಸಿ ಒರೆಸಿ ಬಂದವೇ. ಮೊದಲು ಬರೀ ನೀರು ಹರಿಸಿ ಧೂಳು ಇಳಿಸಬೇಕು, ಆಮೇಲೆ ಶಾಂಪೂ, ಆಮೇಲೆ ಕ್ಲೇ ಬಾರ್. ಕ್ಲೇ ಬಾರನ್ನು ಶಾಂಪೂ ನೀರು ಚಿಮುಕಿಸಿದ ಮೈಮೇಲೆ ಜಾರಿಸುತ್ತ ಹೋದರೆ ಒಳಗೆ ಕಚ್ಚಿಕೊಂಡ ಕಣಗಳು ಅದಕ್ಕೆ ಅಂಟಿ ಬರುತ್ತವೆ. ನೆಲಕ್ಕೆ ಬಿದ್ದ ಕ್ಲೇ ಬಾರನ್ನು ಮತ್ತೆ ಬಳಸಬಾರದು. ಅದರಲ್ಲಿ ಸೇರಿದ ಒಂದು ಹರಳು ಸಾಕು, ಇಡೀ ಬಾನೆಟ್ಟಿನ ಮೇಲೆ ಗೆರೆ ಎಳೆಯುತ್ತದೆ. ಪಾಲಿಷ್ ಹಚ್ಚುವ ಬಟ್ಟೆಗೂ ಇದೇ ನಿಯಮ.

ಬೋರ್‌ವೆಲ್ ಸಂತ್ರಸ್ತ, ಬೆಂಗಳೂರು

ಇಲ್ಲಿಯೇ ನನ್ನದೊಂದು ಪ್ರಶ್ನೆ. ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರಿನಲ್ಲಿ ತೊಳೆದ ಕಪ್ಪು ಕಾರಿನ ಮೇಲೆ ಬಿಳಿಯ ಉಂಗುರಗಳು ನಿಂತಿವೆ. ಇವಕ್ಕೂ ಕಂಪೌಂಡ್ ಬೇಕೇ?

ಮೈಕ್ರಾನ್ ಮಾಪಕ, ಬೆಂಗಳೂರು

ಅದು ಗಡಸು ನೀರಿನ ಸುಣ್ಣದ ಅಂಶ. ಮೇಲೆ ಕುಳಿತಷ್ಟೇ ಇದ್ದರೆ ಬಿಳಿ ವಿನೆಗರಿಗೆ ಸಮನಾಗಿ ನೀರು ಬೆರೆಸಿ, ನೆರಳಿನಲ್ಲಿ, ತಣ್ಣಗಿರುವ ಮೈಗೆ ಬಟ್ಟೆಯಿಂದ ಒತ್ತಿ ಒಂದು ನಿಮಿಷ ಬಿಟ್ಟು ತೊಳೆದರೆ ಕರಗುತ್ತದೆ. ಬಿಸಿಲಿನಲ್ಲಿ ಕಾದು ಬಣ್ಣದೊಳಗೆ ಗುಳಿ ಬಿದ್ದಿದ್ದರೆ ವಿನೆಗರಿಗೆ ಜಗ್ಗುವುದಿಲ್ಲ, ಆಗ ಪಾಲಿಷ್ ಬೇಕಾಗುತ್ತದೆ. ಕಪ್ಪಿನ ಮೇಲೆ ಕಂಪೌಂಡ್ ಹಾಕಿದರೆ ಅದರದೇ ಮಂಜು ಉಳಿಯುವುದರಿಂದ ಅದರ ಹಿಂದೆಯೇ ಫಿನಿಷಿಂಗ್ ಪಾಲಿಷ್ ಹಾಕದೆ ಬಿಡುವಂತಿಲ್ಲ.

ಮರಳುಗಾಡಿನ ಕನ್ನಡಿಗ, ಮಸ್ಕತ್

ನನ್ನ ಕಾರು ಬೆಳ್ಳಿ ಬಣ್ಣದ್ದು, ಕ್ಲಿಯರ್ ಕೋಟ್ ಇರುವಂಥದ್ದು. ಇಲ್ಲಿಯ ಬಿಸಿಲಿಗೆ ಟಾಪಿನ ಮೇಲಿನ ಕ್ಲಿಯರ್ ಕೋಟ್ ಹಾವಿನ ಪೊರೆಯಂತೆ ಏಳುತ್ತಿದೆ. ಅಂಚಿನಲ್ಲಿ ಉಗುರು ಹಾಕಿದರೆ ಚಕ್ಕೆ ಬರುತ್ತದೆ. ಎರಡು ಬಗೆಯ ದುಬಾರಿ ಪಾಲಿಷ್ ಹಾಕಿ ನೋಡಿದೆ, ಚಕ್ಕೆ ಇನ್ನಷ್ಟು ಎದ್ದಿತೇ ಹೊರತು ಹೊಳಪು ಬರಲಿಲ್ಲ.

ಟಿನ್ನರ್ ವಾಸನೆ, ಬೆಂಗಳೂರು

ಅದಕ್ಕೆ ಪಾಲಿಷ್ ಇಲ್ಲ ಸರ್. ಎದ್ದ ಪೊರೆಯನ್ನು ಉಜ್ಜಿ ಮತ್ತೆ ಅಂಟಿಸಲಾಗುವುದಿಲ್ಲ. ಟಾಪನ್ನು ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳುಕಾಗದ) ಹಾಕಿ ಇಳಿಸಿ ಹೊಸದಾಗಿ ಬಣ್ಣ ಮತ್ತು ಕ್ಲಿಯರ್ ಹೊಡೆಸುವುದೊಂದೇ ದಾರಿ. ಅಲ್ಲಿಯವರೆಗೆ ಸಿಲಿಕೋನ್ ಇರುವ ಯಾವ ಪಾಲಿಷನ್ನೂ ಅದರ ಮೇಲೆ ಹಚ್ಚಬೇಡಿ. ಸಿಲಿಕೋನ್ ಉಳಿದ ಮೈಮೇಲೆ ಬಣ್ಣ ಹೊಡೆದರೆ ಅಲ್ಲಲ್ಲಿ ಮೀನಿನ ಕಣ್ಣಿನಂತೆ ಗುಳಿ ಬೀಳುತ್ತದೆ, ಪೇಂಟರ್ ನಿಮ್ಮನ್ನು ಶಪಿಸುತ್ತಾನೆ.

ನೇರ ಮಾತು, ದಾವಣಗೆರೆ

ನೋಡಿದಿರಾ, ಕೊನೆಗೆ ಎಲ್ಲರೂ ಹೊಸ ಪೇಂಟಿಗೇ ಬಂದರು.

ಯೆಜ್ಡಿ ಮನೆಯವನು, ಮೈಸೂರು

ಮಸ್ಕತ್ತಿನ ಟಾಪಿಗೆ ಹೇಳಿದ್ದನ್ನು ಮೈಸೂರಿನ ಬಾನೆಟ್ಟಿಗೆ ಅಂಟಿಸಬೇಡಿ. ಅವರದು ಕ್ಲಿಯರ್ ಕೋಟ್ ಎದ್ದಿರುವ ಕಥೆ, ಇವರದು ಸಾದಾ ಬಣ್ಣದ ಮೇಲ್ಪದರ ಪುಡಿಯಾಗಿರುವ ಕಥೆ. ಕಾರ್ಖಾನೆಯಲ್ಲಿ ಕುಲುಮೆಯಲ್ಲಿ ಬೇಯಿಸಿ ಕೂರಿಸಿದ ಬಣ್ಣವನ್ನು ಒಮ್ಮೆ ಕೆರೆದು ಹಾಕಿದರೆ ಅದು ಮತ್ತೆ ಬರುವುದಿಲ್ಲ.

ಕೆಂಪು ಎಂಟುನೂರು, ಮೈಸೂರು

ಎಲ್ಲರಿಗೂ ಧನ್ಯವಾದ. ಇಂದು ಬೆಳಿಗ್ಗೆ ಎರಡೂ ಪರೀಕ್ಷೆ ಮಾಡಿದೆ. ಬಾನೆಟ್ಟಿನ ಮೂಲೆಯಲ್ಲಿ ತಂದೆಯವರ ಹಳೆಯ ಬಿಳಿ ಪಂಚೆಯ ತುಂಡಿನಿಂದ ತಿಕ್ಕಿದೆ, ಹತ್ತನೆಯ ಬಾರಿಗೆ ಬಟ್ಟೆ ವೀಳ್ಯ ಉಗುಳಿದಂತಾಯಿತು. ಹಾಗಾಗಿ ಸಿಂಗಲ್ ಸ್ಟೇಜ್ ಎಂಬುದು ಖಚಿತ. ಫೆಂಡರ್‌ನ ಒಳ ಅಂಚಿಗೆ ಟಿನ್ನರ್ ಹಾಕಿದಾಗ ಬಣ್ಣ ಕರಗಿ ಬಂತು, ಅಂದರೆ ಅದು ಎನ್‌ಸಿ. ತಿಕ್ಕಿದ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಜಾಗ ಕೆಂಪಾಗಿದೆ, ಅದರ ಪಕ್ಕದಲ್ಲಿ ಉಳಿದ ಬಾನೆಟ್ಟು ಇನ್ನೂ ಹೆಚ್ಚು ಹಳತಾಗಿ ಕಾಣುತ್ತಿದೆ. ಈಗ ಕೈಯಲ್ಲಿ ಮಾಡಲೇ, ಮಷಿನ್ ಬಾಡಿಗೆಗೆ ತರಲೇ?

ಮೈಕ್ರಾನ್ ಮಾಪಕ, ಬೆಂಗಳೂರು

ಮಷಿನ್ ಹಿಡಿಯುವುದಾದರೆ ರೋಟರಿ ಬೇಡ, ಡ್ಯುಯಲ್ ಆಕ್ಷನ್ ಹಿಡಿಯಿರಿ. ಅದು ತಿರುಗುತ್ತಲೇ ಅಲುಗಾಡುವುದರಿಂದ ಒಂದೇ ಜಾಗದಲ್ಲಿ ಬಿಸಿ ಕೂಡುವುದಿಲ್ಲ, ಜೋರಾಗಿ ಒತ್ತಿದರೆ ತಾನಾಗಿಯೇ ತಿರುಗುವುದನ್ನು ನಿಲ್ಲಿಸುತ್ತದೆ. ಪ್ಯಾಡ್ ಆಯ್ಕೆ ಪಾಲಿಷ್ ಆಯ್ಕೆಯಷ್ಟೇ ಮುಖ್ಯ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಅದೇ ಪಾಲಿಷನ್ನು ಉಣ್ಣೆಯ ಪ್ಯಾಡಿಗೆ ಹಾಕಿದರೆ ಕಂಪೌಂಡಿನಂತೆ ಕಡಿಯುತ್ತದೆ, ಮೆದು ಸ್ಪಂಜಿಗೆ ಹಾಕಿದರೆ ಸವರಿಕೊಂಡು ಹೋಗುತ್ತದೆ. ಮೊದಲು ಮೆದು ಸ್ಪಂಜು ಮತ್ತು ಫಿನಿಷಿಂಗ್ ಪಾಲಿಷ್. ಎರಡಡಿ ಉದ್ದ, ಎರಡಡಿ ಅಗಲದ ಜಾಗಕ್ಕೆ ನಾಲ್ಕೈದು ಹನಿ ಸಾಕು. ಸಾಲದಿದ್ದರೆ ಪಾಲಿಷ್ ಬದಲಿಸುವ ಮೊದಲು ಪ್ಯಾಡ್ ಬದಲಿಸಿ ನೋಡಿ. ಅದೂ ಸಾಲದಿದ್ದರೆ ಮಾತ್ರ ಕಂಪೌಂಡ್. ಸಿಂಗಲ್ ಸ್ಟೇಜ್ ಬಣ್ಣಕ್ಕೆ ಪ್ಯಾಡ್ ಬಹಳ ಬೇಗ ತುಂಬಿಕೊಳ್ಳುತ್ತದೆ, ಆದ್ದರಿಂದ ಮೂರು ನಾಲ್ಕು ಪ್ಯಾಡ್ ಇಟ್ಟುಕೊಳ್ಳಿ. ಅಂಚುಗಳಿಗೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿ.

ಲೆಕ್ಕ ಬೇಕಿದ್ದರೆ ಹೇಳುತ್ತೇನೆ. ಕಾರ್ಖಾನೆಯಿಂದ ಬಂದ ಕಾರಿನ ಮೇಲೆ ಪ್ರೈಮರಿನಿಂದ ಹಿಡಿದು ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ, ಕ್ಲಿಯರ್ ಕೋಟ್ ಇದ್ದರೆ ಅದೊಂದೇ ಸುಮಾರು 35ರಿಂದ 50. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಿಮ್ಮ ತಲೆಗೂದಲಿನ ದಪ್ಪಕ್ಕಿಂತ ತೆಳುವಾದ ಪದರದ ಮೇಲೆ ನಮ್ಮ ಈ ಇಡೀ ಜಗಳ ನಡೆದಿದೆ.

ಬಿಳಿ ಕಾರಿನೊಡತಿ, ಹುಬ್ಬಳ್ಳಿ

ಫೆಂಡರ್‌ಗೆ ಮಷಿನ್ ಮುಟ್ಟಿಸಲೇಬೇಡಿರಿ. ಕೈಯಲ್ಲಿಯೇ ಮಾಡಿರಿ. ಕೈಯಲ್ಲಿ ಮಾಡುವಾಗ ಬೆರಳ ತುದಿಯಿಂದ ಒತ್ತಬಾರದು, ಬೆರಳಿನ ಗುರುತು ಗುರುತಾಗಿ ಗೆರೆ ಬೀಳುತ್ತದೆ. ಬಟ್ಟೆಯ ಕೆಳಗೆ ಸ್ಪಂಜು ಇಟ್ಟುಕೊಂಡು ಅಂಗೈಯಿಂದ ಒತ್ತಬೇಕು. ಗೀರಿನ ಮೇಲೆ ಉಗುರು ಎಳೆದು ನೋಡಿರಿ. ಉಗುರು ಸಿಕ್ಕಿಕೊಂಡರೆ ಆ ಗೀರು ಪಾಲಿಷ್‌ಗೆ ಹೋಗುವಂಥದ್ದಲ್ಲ, ಬಿಟ್ಟುಬಿಡಿರಿ.

ಕಡಲ ತಡಿಯವ, ಮಂಗಳೂರು

ಒಂದು ಮೋಸದ ಬಗ್ಗೆಯೂ ತಿಳಿಸಬೇಕು. ಎರಡು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ನನ್ನ ಕಾರಿನ ಗೀರುಗಳನ್ನೆಲ್ಲ ತೆಗೆದೆವು ಎಂದು ಮೂರು ಸಾವಿರ ರೂಪಾಯಿ ತೆಗೆದುಕೊಂಡರು. ಕಾರು ಕನ್ನಡಿಯಂತೆ ಕಂಡಿತು. ಜೂನ್ ತಿಂಗಳ ಮಳೆ ಹಿಡಿದು ಹದಿನೈದು ದಿನವಾಗುವಷ್ಟರಲ್ಲಿ ಎಲ್ಲ ಗೀರುಗಳೂ ತಮ್ಮ ತಮ್ಮ ಜಾಗಕ್ಕೆ ಮರಳಿ ಬಂದಿದ್ದವು. ಆಮೇಲೆ ತಿಳಿಯಿತು, ಅವರು ತೆಗೆದಿರಲಿಲ್ಲ, ಗೀರಿನೊಳಗೆ ತುಂಬಿಕೊಳ್ಳುವ ಫಿಲ್ಲರ್ ಇರುವ ಪಾಲಿಷ್ ಹಚ್ಚಿ ಮುಚ್ಚಿದ್ದರು.

ಮೈಕ್ರಾನ್ ಮಾಪಕ, ಬೆಂಗಳೂರು

ಇದನ್ನು ಕಂಡುಹಿಡಿಯುವುದು ಸುಲಭ. ಪಾಲಿಷ್ ಮುಗಿದ ಮೇಲೆ, ವ್ಯಾಕ್ಸ್ ಹಚ್ಚುವ ಮೊದಲು, ಐಸೊಪ್ರೊಪೈಲ್ ಆಲ್ಕೊಹಾಲಿಗೆ ನೀರು ಬೆರೆಸಿ ಒಂದು ಕಡೆ ಒರೆಸಿಸಿ, ಮೊಬೈಲಿನ ಟಾರ್ಚ್ ಹಿಡಿದು ನೋಡಿ. ಎಣ್ಣೆ ಮತ್ತು ಫಿಲ್ಲರ್ ಹೋಗಿ ನಿಜವಾದ ಮೈ ಕಾಣಿಸುತ್ತದೆ. ಒರೆಸಲು ಬಿಡುವುದಿಲ್ಲ ಎಂದರೆ ಅಂಗಡಿ ಬದಲಿಸಿ. ಈ ಪರೀಕ್ಷೆ ಕ್ಲಿಯರ್ ಕೋಟ್ ಇರುವ ಕಾರಿಗೆ. ಕೆಂಪು ಎಂಟುನೂರು ಅವರು ತಮ್ಮ ಹಳೆಯ ಬಣ್ಣಕ್ಕೆ, ಅದರಲ್ಲಿಯೂ ಆ ಎನ್‌ಸಿ ಫೆಂಡರ್‌ಗೆ, ಆಲ್ಕೊಹಾಲ್ ತೋರಿಸಬೇಡಿ.

ಸೆರಾಮಿಕ್ ಪ್ರಿಯ, ಬೆಂಗಳೂರು

ಇಷ್ಟು ಶ್ರಮಪಟ್ಟು ಪಾಲಿಷ್ ಮಾಡಿದ ಮೇಲೆ ಸೆರಾಮಿಕ್ ಕೋಟಿಂಗ್ ಹಾಕಿಸುವುದೇ ಜಾಣತನ. ವ್ಯಾಕ್ಸ್ ಒಂದು ಮಳೆಗಾಲಕ್ಕೂ ಬಾರದು.

ಯೆಜ್ಡಿ ಮನೆಯವನು, ಮೈಸೂರು

ಕಾರಿನ ಬೆಲೆಯ ಅರ್ಧದಷ್ಟನ್ನು ಕೋಟಿಂಗಿಗೆ ಹಾಕುವುದು ಯಾವ ಜಾಣತನ? ಅದೂ ಅಲ್ಲದೆ ಹಳೆಯ ಸಿಂಗಲ್ ಸ್ಟೇಜ್ ಬಣ್ಣಕ್ಕೆ ಆಗಾಗ ಎಣ್ಣೆ ಬೇಕು. ಮೇಲೆ ಗಾಜಿನಂತಹ ಪದರ ಕೂರಿಸಿಬಿಟ್ಟರೆ ಮುಂದೆ ಕುಡಿಸುವುದು ಎಲ್ಲಿಂದ?

ಸೆರಾಮಿಕ್ ಪ್ರಿಯ, ಬೆಂಗಳೂರು

ಬೆಲೆಯ ಮಾತು ಒಪ್ಪುತ್ತೇನೆ. ಆದರೆ ಬಿಸಿಲಿನಲ್ಲಿ ಕೆಂಪು ಬಾನೆಟ್ಟು ಎಷ್ಟು ಕಾಯುತ್ತದೆ ಎಂಬುದನ್ನೂ ನೋಡಿ. ವ್ಯಾಕ್ಸ್ ಕರಗಿ ಇಳಿದು ಹೋಗುವುದಿಲ್ಲವೇ?

ಮೈಕ್ರಾನ್ ಮಾಪಕ, ಬೆಂಗಳೂರು

ಒಳ್ಳೆಯ ವ್ಯಾಕ್ಸಿನಲ್ಲಿರುವ ಕಾರ್ನೌಬಾ ಮೇಣ ಶುದ್ಧವಾಗಿದ್ದರೆ ಕರಗುವುದು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬ್ರೆಜಿಲ್ಲಿನ ಒಂದು ತಾಳೆಯ ಜಾತಿಯ ಮರ ತನ್ನ ಎಲೆ ಒಣಗದಿರಲೆಂದು ಮಾಡಿಕೊಂಡ ಮೇಣ ಅದು, ಬಿಸಿಲು ಅದಕ್ಕೆ ಹೊಸದಲ್ಲ. ಡಬ್ಬಿಯಲ್ಲಿ ಸಿಗುವುದರಲ್ಲಿ ಬೇರೆ ಮೆತ್ತನೆಯ ಮೇಣಗಳೂ ದ್ರಾವಕಗಳೂ ಸೇರಿರುತ್ತವೆ ಎಂಬುದು ನಿಜ, ಆದ್ದರಿಂದ ಎರಡು ತಿಂಗಳಿಗೊಮ್ಮೆ ಹಚ್ಚಬೇಕಾಗುತ್ತದೆ. ಬಿಡುವಿದ್ದ ಭಾನುವಾರದ ಅರ್ಧ ಗಂಟೆಯ ಕೆಲಸ. ಪಾಲಿಷ್ ತೆಗೆಯುತ್ತದೆ, ವ್ಯಾಕ್ಸ್ ಕಾಯುತ್ತದೆ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲು ಹೋಗುವುದರಿಂದಲೇ ಆ ಮೂರೂ ಒಂದರಲ್ಲಿ ಎನ್ನುವ ಸೀಸೆಗಳು ಮಾರಾಟವಾಗುತ್ತಿವೆ.

ಅದಿರಿನೂರಿನವ, ಹೊಸಪೇಟೆ

ಆ ಸೀಸೆಗಳನ್ನು ಪೂರ್ತಿ ತಳ್ಳಿಹಾಕಬೇಡಿ. ದಿನಾ ಓಡುವ ಟ್ಯಾಕ್ಸಿಗೆ ಅದು ಸಾಕು. ನಮ್ಮ ಭಾವನವರ ಟ್ಯಾಕ್ಸಿಗೆ ವರ್ಷಕ್ಕೆರಡು ಸಲ ಅದನ್ನೇ ಹಾಕುತ್ತಾರೆ.

ಕೆಂಪು ಎಂಟುನೂರು, ಮೈಸೂರು

ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ಗ್ಲೇಜನ್ನು ಬಾನೆಟ್ಟಿಗೂ ಟಾಪಿಗೂ ಹಚ್ಚಿ ರಾತ್ರಿ ಬಿಟ್ಟೆ, ಎರಡು ಸಲ. ನಂತರ ಗೆಳೆಯರೊಬ್ಬರ ಡ್ಯುಯಲ್ ಆಕ್ಷನ್ ಮಷಿನ್ ತಂದು ಮೆದು ಸ್ಪಂಜಿನಲ್ಲಿ ಫಿನಿಷಿಂಗ್ ಪಾಲಿಷ್ ಹಾಕಿದೆ. ಬಾನೆಟ್ಟಿಗೆ ಅಷ್ಟೇ ಸಾಕಾಯಿತು. ಕಂಪೌಂಡಿನ ಡಬ್ಬಿಯ ಮುಚ್ಚಳ ಬಿಚ್ಚಲೇ ಇಲ್ಲ. ಆರು ಪ್ಯಾಡುಗಳು ಕೆಂಪಾದವು, ತೊಳೆದ ಬಕೆಟ್ಟಿನ ನೀರು ನೋಡಿ ಪಕ್ಕದ ಮನೆಯವರು ಏನಾಯಿತು ಎಂದು ಕೇಳಿಕೊಂಡು ಬಂದರು. ಟಾಪಿನಲ್ಲಿ ಮಾತ್ರ ಹಿಂಭಾಗದ ಗಾಜಿನ ಮೇಲ್ಗಡೆ ಅಂಗೈಯಗಲದ ಜಾಗ ಕೆಂಪಾಗಲಿಲ್ಲ. ಇನ್ನೊಂದು ಸಲ ಮಷಿನ್ ಇಟ್ಟಾಗ ಅಲ್ಲಿ ಬೂದುಬಣ್ಣದ ನೆರಳು ಕಂಡಂತಾಗಿ ಕೈ ತೆಗೆದೆ. ಫೆಂಡರನ್ನು ಕೈಯಲ್ಲಿಯೇ ಸವರಿದ್ದೇನೆ. ಅದು ಬಾಗಿಲಿಗಿಂತ ಒಂದು ಛಾಯೆ ಕಿತ್ತಳೆಯ ಕಡೆಗಿರುವುದು ಈಗ ಮೊದಲಿಗಿಂತ ಚೆನ್ನಾಗಿ ಕಾಣುತ್ತಿದೆ. ಕೊನೆಯಲ್ಲಿ ಕಾರ್ನೌಬಾ ವ್ಯಾಕ್ಸ್ ಎರಡು ಕೈ ಹಚ್ಚಿದ್ದೇನೆ.

ಟಿನ್ನರ್ ವಾಸನೆ, ಬೆಂಗಳೂರು

ಬೂದು ಕಂಡದ್ದು ಪ್ರೈಮರ್. ಸರಿಯಾದ ಹೊತ್ತಿಗೆ ಕೈ ತೆಗೆದಿದ್ದೀರಿ. ಆ ಜಾಗಕ್ಕೆ ಮತ್ತೆ ಪಾಲಿಷ್ ಮುಟ್ಟಿಸಬೇಡಿ, ವ್ಯಾಕ್ಸ್ ಮಾತ್ರ ಹಚ್ಚುತ್ತಿರಿ. ಮುಂದೆ ಎಂದಾದರೂ ಬಣ್ಣ ಕೂರಿಸುವುದಾದರೆ ಬಾಗಿಲ ಒಳಚೌಕಟ್ಟಿನ ಕೆಂಪನ್ನು ನೋಡಿ ಛಾಯೆ ಹೊಂದಿಸಲು ಹೇಳಿ, ಬಾನೆಟ್ಟನ್ನು ನೋಡಿ ಅಲ್ಲ.

ನೇರ ಮಾತು, ದಾವಣಗೆರೆ

ಮೊದಲಿನ ಫೋಟೊ ಇದೆಯೇ? ಅದಿಲ್ಲದೆ ನಾನು ನಂಬುವುದಿಲ್ಲ.

ಕೆಂಪು ಎಂಟುನೂರು, ಮೈಸೂರು

ತೆಗೆಯಲು ಮರೆತೆ. ಆದರೆ ಬಲಗಡೆಯ ಕನ್ನಡಿಯ ಹಿಂಭಾಗವನ್ನು ಪಾಲಿಷ್ ಮಾಡದೆ ಹಾಗೆಯೇ ಬಿಟ್ಟಿದ್ದೇನೆ. ಮೈಸೂರಿಗೆ ಬಂದಾಗ ತೋರಿಸುತ್ತೇನೆ.

ಬಿಳಿ ಕಾರಿನೊಡತಿ, ಹುಬ್ಬಳ್ಳಿ

ಹಬ್ಬದ ದಿನ ಕುಂಕುಮವನ್ನು ನಂಬರ್ ಪ್ಲೇಟಿಗೆ ಇಡಲು ಮನೆಯಲ್ಲಿ ಈಗಲೇ ಹೇಳಿಡಿರಿ.